ಹತ್ತೊಂಬತ್ತು ಟಿಕ್ಕು, ಆರು ಕಿಲೋಮೀಟರ್ ದೂರದ ರಕ್ತ

ನಮ್ಮ ಆಪರೇಷನ್ ಥಿಯೇಟರಿನ ಗೋಡೆ ಮೇಲೆ ಒಂದು ಪೋಸ್ಟರ್ ಇದೆ. ಲ್ಯಾಮಿನೇಟ್ ಮಾಡಿಸಿ, ನಾಲ್ಕು ಮೂಲೆಗೂ ಟೇಪ್ ಹಚ್ಚಿ ಅಂಟಿಸಿದ್ದು. ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಲಾಂಛನ, ಕೆಳಗೆ ಮೂರು ಅಂಕಣ, ಎಲ್ಲವೂ ಇಂಗ್ಲಿಷಿನಲ್ಲಿ. ನಾನು ಅರಿವಳಿಕೆ ತಜ್ಞೆಯಾಗಿ ಇಲ್ಲಿಗೆ ಸೇರಿದ ದಿನದಿಂದಲೂ ಅದು ಅಲ್ಲೇ ಇದೆ. ಯಾರಾದರೂ ಅದರ ಮುಂದೆ ನಿಂತು ಓದಿದ್ದನ್ನು ನಾನು ಕಂಡಿಲ್ಲ. ನಾನೂ ಓದಿರಲಿಲ್ಲ. ಓದದಿದ್ದರೇನಂತೆ, ಪ್ರತಿ ಕೇಸ್ ಶೀಟಿನೊಳಗೂ ಅದರದೇ ಒಂದು ಝೆರಾಕ್ಸ್ ಇರುತ್ತೆ, ಪ್ರತಿ ಚೌಕಕ್ಕೂ ಟಿಕ್ ಬೀಳುತ್ತೆ, ಕೆಳಗೆ ಮೂರು ಸಹಿ ಬೀಳುತ್ತೆ. ಮುಗೀತು.

ಆ ಹಾಳೆಯನ್ನು ಹರಿದು ಹಾಕಿ, ನಿಮ್ಮದೇ ಒಂದು ಬರ್ಕೊಳ್ಳಿ ಅಂತ ನಾನು ಈಗ ಸಿಕ್ಕಿದ ಡಾಕ್ಟರಿಗೆಲ್ಲ ಹೇಳುತ್ತಾ ತಿರುಗುತ್ತಿದ್ದೇನೆ. ಕೆಲವರಿಗೆ ಸಿಟ್ಟು ಬರುತ್ತೆ, ಕೆಲವರಿಗೆ ನಗು. ಎರಡಕ್ಕೂ ಉತ್ತರ ಕೊಡೋದಕ್ಕೆ ಈ ಬರಹ. ಮೊದಲು ನಡೆದದ್ದನ್ನು ಹೇಳಿಬಿಡ್ತೀನಿ.

ನಮ್ಮದು ಬೆಂಗಳೂರಿನ ಅಂಚಿನಲ್ಲಿರೋ ನೂರಿಪ್ಪತ್ತು ಹಾಸಿಗೆಯ ಆಸ್ಪತ್ರೆ. ಸ್ವಂತ ಬ್ಲಡ್ ಬ್ಯಾಂಕ್ ಇಲ್ಲ. ರಕ್ತ ಬೇಕಾದರೆ ಆರು ಕಿಲೋಮೀಟರ್ ದೂರದಿಂದ ಬರಬೇಕು. ಮೂರು ವರ್ಷದ ಹಿಂದೆ ಒಂದು ಸಂಜೆ, ಗರ್ಭಕೋಶದ ಗಡ್ಡೆಗಳಿದ್ದ ಹೆಂಗಸೊಬ್ಬರ ಆಪರೇಷನ್. ವಯಸ್ಸು ಮೂವತ್ತೆಂಟು. ಬೆಳಗಿನ ಲಿಸ್ಟಿನಲ್ಲಿದ್ದದ್ದು ಜಾರುತ್ತಾ ಜಾರುತ್ತಾ ಸಾಯಂಕಾಲಕ್ಕೆ ಬಂದಿತ್ತು. ಅರಿವಳಿಕೆ ಕೊಡೋ ಮೊದಲು ಪಟ್ಟಿ ತುಂಬಿದವಳು ನಾನೇ. ಅದರಲ್ಲೊಂದು ಸಾಲು ಇದೆ: 500 ಮಿಲಿ ಲೀಟರಿಗಿಂತ ಹೆಚ್ಚು ರಕ್ತ ಹೋಗುವ ಸಾಧ್ಯತೆ ಇದೆಯೇ? ಇದ್ದರೆ, ರಕ್ತನಾಳಕ್ಕೆ ಸಾಕಷ್ಟು ದಾರಿ ಮಾಡಿಕೊಂಡಿದ್ದೀರಾ, ದ್ರವದ ವ್ಯವಸ್ಥೆ ಆಗಿದೆಯಾ? ಎರಡೂ ಕೈಗೆ ದಪ್ಪ ಸೂಜಿ ಹಾಕಿದ್ದೆ. ಸಲೈನ್ ಬಾಟಲಿಗಳು ಸಾಲಾಗಿ ನೇತಾಡುತ್ತಿದ್ದವು. ಟಿಕ್ ಹಾಕಿದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ನಲವತ್ತನೇ ನಿಮಿಷಕ್ಕೆ ರಕ್ತಸ್ರಾವ ಶುರುವಾಯಿತು. ಸರ್ಜನ್ ಒಳಗೆ ಬಟ್ಟೆ ಒತ್ತಿ ಹಿಡಿದು ನಿಂತರು. ನಾನು ರಕ್ತ ಕೇಳಿದೆ. ಇರಲಿಲ್ಲ. ಕ್ರಾಸ್ ಮ್ಯಾಚ್ ಆಗಿ, ಎರಡು ಬಾಟಲಿ ಆಕೆಯ ಹೆಸರಲ್ಲಿ ಕಾದಿರಿಸಿಟ್ಟಿದ್ದರು, ಆದರೆ ಇದ್ದದ್ದು ಬ್ಲಡ್ ಬ್ಯಾಂಕಿನ ಫ್ರಿಜ್ಜಿನಲ್ಲಿ. 'ಯಾರಾದ್ರೂ ಹೋಗಿ ತನ್ನಿ' ಅಂತ ಕೂಗಿದೆ. ನಮ್ಮೂರಲ್ಲಿ 'ಯಾರಾದ್ರೂ' ಅಂದರೆ ಯಾರೂ ಅಲ್ಲ. ಟೆಕ್ನಿಷಿಯನ್ ಅಟೆಂಡರ್ ಹೋದ ಅಂದುಕೊಂಡ, ಅಟೆಂಡರ್ ಟೆಕ್ನಿಷಿಯನ್ ಹೋದ ಅಂದುಕೊಂಡ. ಐದು ನಿಮಿಷ ಅಲ್ಲೇ ಹೋಯಿತು. ಹೊರಗೆ ಮಳೆ, ಸಂಜೆ ಆರರ ಟ್ರಾಫಿಕ್. ಐಸ್ ಬಾಕ್ಸ್ ಇಟ್ಟುಕೊಂಡು ಟೂ ವೀಲರ್‌ನಲ್ಲಿ ಹೋದ ಹುಡುಗ ವಾಪಸ್ ಬರೋಕೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತು ಆಕೆಯ ಬಿಪಿಯನ್ನು ಸಲೈನ್ ಮತ್ತು ಔಷಧಿಗಳಿಂದ ಎತ್ತಿ ಹಿಡಿದಿದ್ದೆವು. ಹಿಡಿದಿದ್ದೆವು ಅನ್ನೋ ಮಾತು ದೊಡ್ಡದಾಯಿತು. ಆಕೆಯೇ ತಡ್ಕೊಂಡರು.

ಬದುಕಿದರು. ಮೂರು ದಿನ ಐಸಿಯು, ಒಂಬತ್ತನೇ ದಿನ ಮನೆಗೆ. ಹೋಗುವಾಗ ಅವರ ಯಜಮಾನರು ಒಂದು ಕೆಜಿ ಮೈಸೂರುಪಾಕು ತಂದುಕೊಟ್ಟು ಕೈಮುಗಿದರು. 'ರಕ್ತ ಬರೋದು ಸ್ವಲ್ಪ ತಡವಾಯ್ತು' ಅಂತ ಮಾತ್ರ ಅವರಿಗೆ ಹೇಳಿದ್ದೆ. ಯಾಕೆ ತಡವಾಯಿತು ಅಂತ ಹೇಳಲಿಲ್ಲ. ಅದನ್ನು ಇವತ್ತಿಗೂ ನಾನು ಸರಿಯಾದ ಕೆಲಸ ಅಂದುಕೊಂಡಿಲ್ಲ.

ಆ ರಾತ್ರಿ ಕೇಸ್ ಶೀಟ್ ತೆಗೆದು ನೋಡಿದೆ. ಹತ್ತೊಂಬತ್ತಕ್ಕೆ ಹತ್ತೊಂಬತ್ತೂ ಟಿಕ್. ಯಾವ ಆಡಿಟರ್ ಬಂದರೂ ನೂರಕ್ಕೆ ನೂರು ಕೊಡುವಂಥ ಹಾಳೆ. ಮಾರನೇ ದಿನ ಫ್ಲೋರ್ ಸಿಸ್ಟರ್ ಹತ್ತಿರ ಮಾತಾಡುವಾಗ ಗೊತ್ತಾಯಿತು, ರಕ್ತ ಇನ್ನೂ ಬ್ಲಡ್ ಬ್ಯಾಂಕಿನಲ್ಲೇ ಇದೆ ಅನ್ನೋದು ಅವರಿಗೆ ಬೆಳಿಗ್ಗೆಯೇ ಗೊತ್ತಿತ್ತು. ಫೋನ್ ಎತ್ತಿದವರು ಅವರೇ. 'ಮತ್ತೆ ಹೇಳಬಾರದಾಗಿತ್ತಾ ಸಿಸ್ಟರ್?' ಅಂದೆ. ಅವರು ಮುಖ ನೋಡದೆ ಹೇಳಿದರು: 'ಯಾರೂ ಕೇಳ್ಲಿಲ್ವಲ್ಲ ಮೇಡಂ.'

ನನ್ನ ವಾದವೆಲ್ಲ ಈ ಒಂದು ಮಾತಿನಿಂದ ಹುಟ್ಟಿದ್ದು. ಆ ಪಟ್ಟಿ ಕೇಳಬೇಕಾದ್ದನ್ನು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಅಂದರೆ ಅದು ನಮ್ಮ ಆಸ್ಪತ್ರೆಯನ್ನು ನೋಡಿಯೇ ಇಲ್ಲ. ಬ್ಲಡ್ ಬ್ಯಾಂಕ್ ಆರು ಕಿಲೋಮೀಟರ್ ದೂರದಲ್ಲಿದೆ, ಸಂಜೆ ಮಳೆ ಬಂದರೆ ರಸ್ತೆ ಕಟ್ಟಿಕೊಳ್ಳುತ್ತೆ ಅಂತ ಜಿನೀವಾದಲ್ಲಿ ಕೂತವರಿಗೆ ಗೊತ್ತಿರಬೇಕು ಅನ್ನೋದು ನಮ್ಮ ದಡ್ಡತನ. ಅವರು ಹಾಗೆ ಹೇಳಿಕೊಂಡೂ ಇಲ್ಲ.

ಈ ಪಟ್ಟಿಯ ಕತೆ ಸ್ವಲ್ಪ ಹೇಳ್ತೀನಿ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಬಿಡುಗಡೆ ಮಾಡಿದ್ದು 2008ರಲ್ಲಿ. ಅದರ ಮುಂದಾಳತ್ವ ವಹಿಸಿದವರು ಬಾಸ್ಟನ್ನಿನ ಸರ್ಜನ್, ಭಾರತ ಮೂಲದ ಅತುಲ್ ಗವಾಂಡೆ. ಮೂರು ಹಂತ: ಅರಿವಳಿಕೆಗೆ ಮುಂಚೆ ಸೈನ್ ಇನ್, ಚರ್ಮಕ್ಕೆ ಕತ್ತಿ ಇಡುವ ಮುಂಚೆ ಟೈಮ್ ಔಟ್, ರೋಗಿ ಥಿಯೇಟರಿನಿಂದ ಹೊರಡುವ ಮುಂಚೆ ಸೈನ್ ಔಟ್. ಒಟ್ಟು 19 ಅಂಶ. ಇದನ್ನು ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದರು: ಸಿಯಾಟಲ್, ಟೊರಾಂಟೊ, ಲಂಡನ್, ಆಕ್ಲೆಂಡ್, ಅಮ್ಮಾನ್, ಮನಿಲಾ, ತಾಂಜಾನಿಯಾದ ಇಫಕಾರ, ಮತ್ತು ನಮ್ಮ ದೆಹಲಿ. ಪಟ್ಟಿಗೆ ಮುಂಚೆ 3,733 ರೋಗಿಗಳು, ಪಟ್ಟಿ ಬಂದ ಮೇಲೆ 3,955 ರೋಗಿಗಳು. ಫಲಿತಾಂಶ 2009ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಸಾವು ಶೇ. 1.5ರಿಂದ 0.8ಕ್ಕೆ ಇಳಿದಿತ್ತು. ತೊಡಕುಗಳು ಶೇ. 11ರಿಂದ 7ಕ್ಕೆ. ಒಂದು ಹಾಳೆ ಕಾಗದದಿಂದ ಇಷ್ಟಾಯಿತು ಅಂತ ಜಗತ್ತೇ ಬೆರಗಾಯಿತು.

ಈ ಅಂಕಿಗಳು ಎಲ್ಲ ಕಾನ್ಫರೆನ್ಸಿನ ಎಲ್ಲ ಸ್ಲೈಡಿನಲ್ಲೂ ಬರುತ್ತವೆ. ಬರದೇ ಇರೋದು ಏನಂದರೆ, ಆ ಎಂಟು ಆಸ್ಪತ್ರೆಗಳೂ ಪಟ್ಟಿಯನ್ನು ಇದ್ದ ಹಾಗೇ ಅಂಟಿಸಿಕೊಂಡಿರಲಿಲ್ಲ. ಬೇಕಾದ ಕಡೆ ತಮ್ಮ ಭಾಷೆಗೆ ತಂದುಕೊಂಡಿದ್ದರು, ತಮ್ಮಲ್ಲಿ ಕೆಲಸ ನಡೆಯುವ ಕ್ರಮಕ್ಕೆ ಹೊಂದಿಸಿಕೊಂಡಿದ್ದರು. ಆ ಪ್ರಬಂಧದಲ್ಲೇ ಇದನ್ನು ಬರೆದಿದ್ದಾರೆ. ಅಂದರೆ ನೀವು ತೋರಿಸುತ್ತಿರೋ ಸಾಕ್ಷಿ, ಬದಲಿಸಿಕೊಂಡ ಪಟ್ಟಿಯ ಸಾಕ್ಷಿ. ಅದನ್ನೇ ಹಿಡಿದುಕೊಂಡು 'ಬದಲಿಸಬಾರದು' ಅಂತ ವಾದ ಮಾಡೋದು ಯಾವ ನ್ಯಾಯ ಸ್ವಾಮಿ?

ಇನ್ನೊಂದು ತಮಾಷೆ ಕೇಳಿ. ಮೂಲ ಹಾಳೆಯ ಕೊನೆಯಲ್ಲಿ ಒಂದು ಸಣ್ಣ ಸಾಲಿದೆ. ಇದು ಎಲ್ಲವನ್ನೂ ಒಳಗೊಂಡ ಪಟ್ಟಿಯಲ್ಲ, ಸ್ಥಳೀಯ ಪದ್ಧತಿಗೆ ತಕ್ಕಂತೆ ಸೇರಿಸಿ, ಮಾರ್ಪಡಿಸಿ ಅಂತ ಅದರ ಅರ್ಥ. ನಮ್ಮ ಕೇಸ್ ಶೀಟಿನಲ್ಲಿ ಆ ಸಾಲು ಇರಲೇ ಇಲ್ಲ. ಝೆರಾಕ್ಸಿನ ಝೆರಾಕ್ಸಿನ ಝೆರಾಕ್ಸ್ ತೆಗೆಯುತ್ತಾ ಕೆಳಗಿನ ಅಂಚು ಕತ್ತರಿಸಿ ಹೋಗಿತ್ತು. ಗೋಡೆ ಮೇಲಿನ ಪೋಸ್ಟರಿನಲ್ಲಿ ಅದರ ಮೇಲೆ ಟೇಪ್ ಬಿದ್ದಿತ್ತು.

ನಾನು ಇದನ್ನು ನಮ್ಮ ಕ್ವಾಲಿಟಿ ವಿಭಾಗದ ಮುಖ್ಯಸ್ಥರ ಬಳಿ ಒಯ್ದೆ. ಒಳ್ಳೆಯ ಮನುಷ್ಯ, ಆದರೆ ಭಯಸ್ಥ. 'ಮೇಡಂ, ಆಡಿಟ್‌ಗೆ ಬಂದೋರು ಡಬ್ಲ್ಯೂಎಚ್‌ಒ ಫಾರ್ಮ್ಯಾಟ್ ಇದ್ಯಾ ಅಂತ ಕೇಳ್ತಾರೆ. ನಾವು ನಮ್ದೇ ಒಂದು ಮಾಡ್ಕೊಂಡು ಕೂತ್ರೆ ಕಷ್ಟ' ಅಂದರು. ಡಬ್ಲ್ಯೂಎಚ್‌ಒ ಅವರೇ ಬದಲಿಸಿ ಅಂದಿದ್ದಾರೆ ಅಂತ ಆ ಸಾಲು ತೋರಿಸಿದೆ. ಅವರು ಎರಡು ಸಲ ಓದಿದರು. 'ಅವ್ರು ಹೇಳ್ಬಹುದು ಮೇಡಂ, ಆದ್ರೆ ನಾವು ಮಾಡ್ಬಾರ್ದು' ಅಂದರು! ಆಸ್ಪತ್ರೆಯ ಆಡಳಿತಕ್ಕೆ ಪಟ್ಟಿ ಅಂದರೆ ರೋಗಿಯನ್ನು ಕಾಪಾಡುವ ಸಾಧನ ಅಲ್ಲ, ಆಸ್ಪತ್ರೆಯನ್ನು ಕಾಪಾಡುವ ದಾಖಲೆ. ನಾಳೆ ಯಾರಾದರೂ ಕೇಸ್ ಹಾಕಿದರೆ ತೋರಿಸೋಕೆ ಒಂದು ಸಹಿ ಬೇಕು. ಆ ಕೆಲಸಕ್ಕೆ ಹತ್ತೊಂಬತ್ತು ಟಿಕ್ಕು ಧಾರಾಳ ಸಾಕು. ನನ್ನ ಮೇಜಿನ ಮೇಲೆ ಮಲಗಿರೋ ಹೆಂಗಸಿಗೆ ಅದು ಸಾಲದು.

ವಿಮಾನದ ಉದಾಹರಣೆ ಕೊಡೋದು ಅಂದರೆ ನಮ್ಮ ಸರ್ಜನ್‌ಗಳಿಗೆ ಬಲು ಇಷ್ಟ. ಸರಿ, ವಿಮಾನವನ್ನೇ ತೊಗೊಳ್ಳೋಣ. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೋದಲ್ಲಿ ಬೋಯಿಂಗ್ ಮಾಡೆಲ್ 299 ಅನ್ನೋ ಹೊಸ ಬಾಂಬರ್ ಮೇಲೇರಿ ಕ್ಷಣಗಳಲ್ಲೇ ಬಿತ್ತು. ವಿಮಾನ ಕೆಟ್ಟಿರಲಿಲ್ಲ. ನೆಲದ ಮೇಲಿದ್ದಾಗ ಗಾಳಿಗೆ ಅಲ್ಲಾಡದಿರಲಿ ಅಂತ ಚುಕ್ಕಾಣಿ ರೆಕ್ಕೆಗಳಿಗೆ ಹಾಕಿದ್ದ ಲಾಕ್ ತೆಗೆಯೋದು ಮರೆತುಹೋಗಿತ್ತು. ಅನುಭವಿ ಪೈಲಟ್ ತೀರಿಹೋದರು. ಆಮೇಲೆ ಪೈಲಟ್‌ಗಳು ಕೂತು ಒಂದು ಪಟ್ಟಿ ಬರೆದರು. ಯಾವ ವಿಮಾನದ್ದು? ಅದೇ ವಿಮಾನದ್ದು. ಇವತ್ತಿಗೂ ಏರ್‌ಬಸ್‌ನ ಪಟ್ಟಿ ಇಟ್ಟುಕೊಂಡು ಎಟಿಆರ್ ವಿಮಾನವನ್ನು ಯಾರೂ ಹಾರಿಸೋದಿಲ್ಲ. ಮೈಸೂರಿಗೆ ಹೋಗೋ ಪುಟ್ಟ ವಿಮಾನಕ್ಕೇ ಅದರದ್ದೇ ಪಟ್ಟಿ ಇರಬೇಕಾದರೆ, ಸಾವಿರ ಹಾಸಿಗೆಯ ಕಾರ್ಪೊರೇಟ್ ಆಸ್ಪತ್ರೆಗೂ, ತಾಲ್ಲೂಕಿನಲ್ಲಿ ಒಂದೇ ಥಿಯೇಟರ್ ಇಟ್ಟುಕೊಂಡಿರೋ ನರ್ಸಿಂಗ್ ಹೋಮಿಗೂ ಒಂದೇ ಹಾಳೆ ಹೇಗೆ ಸಾಕಾಗುತ್ತೆ?

ಐಟಿಯಲ್ಲಿ ಇರೋರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಂಪನಿಯ ರಿಲೀಸ್ ಚೆಕ್‌ಲಿಸ್ಟ್ ಕಾಪಿ ಮಾಡಿಕೊಂಡು ಬಂದು, ನಿಮ್ಮ ಸಿಸ್ಟಮ್ಮಿನಲ್ಲಿ ಇಲ್ಲದ ಸರ್ವರ್ ಚೆನ್ನಾಗಿದೆ ಅಂತ ಟಿಕ್ ಹಾಕಿ, ನಿಮ್ಮಲ್ಲಿ ದಿನಾ ಕೈಕೊಡೋ ಡೇಟಾಬೇಸ್ ಬಗ್ಗೆ ಒಂದು ಸಾಲೂ ಬರೆಯದೆ ಶುಕ್ರವಾರ ಸಂಜೆ ಪ್ರೊಡಕ್ಷನ್‌ಗೆ ಹಾಕಿದರೆ ಶನಿವಾರ ಏನಾಗುತ್ತೆ ಅಂತ ನಿಮಗೆ ಗೊತ್ತು. ನಿಮ್ಮಲ್ಲಿ ರೋಲ್ ಬ್ಯಾಕ್ ಅಂತ ಒಂದಿದೆ. ನಮ್ಮಲ್ಲಿಲ್ಲ.

ನಗುವವರ ವಾದ ಬೇರೆ. 'ಪಟ್ಟಿಯಿಂದ ಏನೂ ಆಗಲ್ಲ ಬಿಡ್ರೀ, ಕೆನಡಾದಲ್ಲೇ ಪ್ರೂವ್ ಆಗಿದೆ' ಅಂತಾರೆ. ನಿಜ, ಆಂಟೇರಿಯೊ ಪ್ರಾಂತ್ಯದಲ್ಲಿ ಸರಕಾರವೇ ಪಟ್ಟಿಯನ್ನು ಆಸ್ಪತ್ರೆಗಳ ಮೇಲೆ ಹೇರಿತು. 101 ಆಸ್ಪತ್ರೆಗಳನ್ನು ನೋಡಿದ ಅಧ್ಯಯನ 2014ರಲ್ಲಿ ಬಂತು. ಸಾವು ಶೇ. 0.71ರಿಂದ 0.65ಕ್ಕೆ ಬಂದಿತ್ತು, ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸ ಅಲ್ಲ. ಆಸ್ಪತ್ರೆಗಳು ಮಾತ್ರ ತಾವು ಬಹುಪಾಲು ಎಲ್ಲ ಕೇಸಿನಲ್ಲೂ ಪಟ್ಟಿ ಬಳಸ್ತೀವಿ ಅಂತ ವರದಿ ಕೊಟ್ಟಿದ್ದವು. ನಾನು ಈ ಅಧ್ಯಯನವನ್ನು ತಳ್ಳಿಹಾಕೋದಿಲ್ಲ. ನನಗೆ ಅದರಲ್ಲಿ ನಮ್ಮ ಥಿಯೇಟರೇ ಕಾಣುತ್ತೆ. ಮೇಲಿಂದ ಆದೇಶ ಬರುತ್ತೆ, ಕೆಳಗೆ ಟಿಕ್ ಬೀಳುತ್ತೆ, ನಡುವೆ ಯಾರೂ ಯಾರ ಜೊತೆಗೂ ಮಾತಾಡೋದಿಲ್ಲ.

ಇದರ ಪಕ್ಕದಲ್ಲಿ ಅಮೆರಿಕದ ಸೌತ್ ಕೆರೊಲಿನಾವನ್ನು ಇಟ್ಟು ನೋಡಿ. ಅಲ್ಲಿ ಕಡ್ಡಾಯ ಮಾಡಲಿಲ್ಲ. ಮನಸ್ಸಿದ್ದ ಆಸ್ಪತ್ರೆಗಳು ತಂಡ ಕಟ್ಟಿಕೊಂಡು, ಪಟ್ಟಿಯನ್ನು ತಮಗೆ ಹೊಂದಿಸಿಕೊಂಡು, ತರಬೇತಿ ಪಡೆದು ಜಾರಿಗೆ ತಂದವು. ಕಾರ್ಯಕ್ರಮವನ್ನು ಪೂರ್ತಿ ಮುಗಿಸಿದ 14 ಆಸ್ಪತ್ರೆಗಳಲ್ಲಿ, ಮಿಕ್ಕವುಗಳಿಗೆ ಹೋಲಿಸಿದರೆ ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ. 22ರಷ್ಟು ಕಡಿಮೆ ಅಂತ 2017ರಲ್ಲಿ ಪ್ರಕಟವಾಯಿತು. ಮನಸ್ಸಿದ್ದವರೇ ಸೇರಿದ್ದರಿಂದ ಹಾಗಾಗಿರಬಹುದು ಅಂತ ನೀವು ಆಕ್ಷೇಪ ಎತ್ತಬಹುದು. ಎತ್ತಿ. ಅದೇ ನನ್ನ ವಾದ ಕೂಡ. ಮನಸ್ಸಿಲ್ಲದ ಕಡೆ ಯಾವ ಹಾಳೆಯೂ ಕೆಲಸ ಮಾಡೋದಿಲ್ಲ, ಮತ್ತು ತಾನು ಬರೆಯದ ಹಾಳೆಯ ಮೇಲೆ ಯಾರಿಗೂ ಮನಸ್ಸು ಇರೋದಿಲ್ಲ.

ಈಗ ನನ್ನ ಕಡೆಯವರನ್ನೂ ಸ್ವಲ್ಪ ಬಯ್ಯಬೇಕು. 'ಬದಲಿಸಿಕೊಳ್ಳಿ' ಅಂದ ಕೂಡಲೇ ಎರಡು ಥರದ ಅನಾಹುತ ನಡೆಯುತ್ತೆ. ಮೊದಲನೆಯದು, ಕಷ್ಟ ಆದದ್ದನ್ನೆಲ್ಲ ಕತ್ತರಿಸೋದು. ಪಟ್ಟಿಯಲ್ಲಿ, ಕತ್ತಿ ಇಡೋ ಮುಂಚೆ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕು ಅಂತ ಒಂದಿದೆ. ಎಲ್ಲ ಕಡೆ ಮೊದಲು ಬಲಿಯಾಗೋದು ಇದೇ. ನಮ್ಮ ಹಿರಿಯ ಸರ್ಜನ್ ಒಬ್ಬರು ಕೇಳಿದರು, 'ಏನ್ ಡಾಕ್ಟ್ರೇ, ಇಪ್ಪತ್ತು ವರ್ಷದಿಂದ ಇಲ್ಲಿದ್ದೀನಿ, ನನ್ನ ಹೆಸರು ಸಿಸ್ಟರ್‌ಗೆ ಗೊತ್ತಿಲ್ವಾ?' 'ನಿಮ್ಮದು ಅವ್ರಿಗೆ ಗೊತ್ತು ಸರ್. ಅವ್ರದ್ದು ನಿಮಗೆ ಗೊತ್ತಾ?' ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಕ್ಕರು. ನಾನೂ ನಗೋ ಸ್ಥಿತಿಯಲ್ಲಿರಲಿಲ್ಲ. ಆ ಸಂಜೆ ನನಗೆ ಟೆಕ್ನಿಷಿಯನ್ ಹೆಸರು ಗೊತ್ತಿದ್ದಿದ್ದರೆ 'ಯಾರಾದ್ರೂ' ಅಂತ ಕೂಗುತ್ತಿರಲಿಲ್ಲ. ಹೆಸರು ಹೇಳಿಕೊಂಡಾಗಿದೆ ಅನ್ನೋ ಚೌಕಕ್ಕೂ ಟಿಕ್ ಬಿದ್ದಿತ್ತು ಅನ್ನೋದನ್ನು ಮರೀಬೇಡಿ.

ಹಾಗಂತ ಒಂದೇ ತಂಡ ದಿನಕ್ಕೆ ಎಂಟು ಕೇಸ್ ಮಾಡುವಾಗ ಎಂಟು ಸಲ ಹೆಸರು ಹೇಳಿಕೊಂಡರೆ ಅದು ನಾಟಕವಾಗುತ್ತೆ. ನಾವು ಹೀಗೆ ಮಾಡಿಕೊಂಡೆವು: ದಿನದ ಮೊದಲ ಕೇಸಿಗೆ ಎಲ್ಲರೂ ಹೇಳಬೇಕು, ಹೆಸರುಗಳನ್ನು ಬೋರ್ಡಿನ ಮೇಲೆ ಬರೀಬೇಕು. ಮಧ್ಯೆ ಯಾರಾದರೂ ಬದಲಾದರೆ ಹೊಸಬರು ಹೇಳಬೇಕು. ಅಂಶ ಉಳಿಯಿತು, ರೂಪ ಬದಲಾಯಿತು. ಹೊಂದಿಸಿಕೊಳ್ಳೋದು ಅಂದರೆ ಇದು. ನಮ್ಮ ಕೈಯಲ್ಲಿ ಆಗಲ್ಲ ಅಂತ ಒಂದು ಸಾಲನ್ನು ತೆಗೆದರೆ ಅದು ಕಳ್ಳತನ.

ಎರಡನೇ ಅನಾಹುತ, ಸಿಕ್ಕಿದ್ದನ್ನೆಲ್ಲ ತುರುಕೋದು. ಇದರಲ್ಲಿ ನಾನೇ ಅಪರಾಧಿ. ನಾನು ಬರೆದ ಮೊದಲ ಕರಡಿನಲ್ಲಿ 34 ಪ್ರಶ್ನೆ ಇದ್ದವು. ಜನರೇಟರಿನ ಡೀಸೆಲ್, ಆಕ್ಸಿಜನ್ ಸಿಲಿಂಡರ್, ರೋಗಿಯ ಇನ್ಶೂರೆನ್ಸ್ ಪೇಪರ್ ತನಕ. ಮೂರನೇ ದಿನಕ್ಕೆ ಟೀ ರೂಮಿನಲ್ಲಿ ಕೂತು ಟಿಕ್ ಹಾಕೋಕೆ ಶುರುಮಾಡಿದರು. ತಪ್ಪು ಅವರದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯಲ್ಲೇ ಒಂದು ಬುದ್ಧಿಮಾತಿದೆ: ಒಂದೊಂದು ಹಂತವೂ ಒಂದು ನಿಮಿಷ ಮೀರಬಾರದು. ಆ ಗಡಿಯಾರ ಇಟ್ಟುಕೊಂಡು ಕತ್ತರಿ ಆಡಿಸಿದೆವು. ಡೀಸೆಲ್, ಸಿಲಿಂಡರ್ ಬೆಳಗಿನ ಪಟ್ಟಿಗೆ ಹೋದವು, ದಿನಕ್ಕೊಮ್ಮೆ ನೋಡಿದರೆ ಸಾಕು. ಇನ್ಶೂರೆನ್ಸ್ ಬಿಲ್ಲಿಂಗಿಗೆ ಹೋಯಿತು. ಥಿಯೇಟರಿನೊಳಗೆ 22 ಪ್ರಶ್ನೆ ಉಳಿದವು.

ಹೇಗೆ ಬದಲಿಸಿದೆವು ಅನ್ನೋದಕ್ಕೆ ಮೂರು ಉದಾಹರಣೆ ಕೊಡ್ತೀನಿ.

ರೋಗಿಯ ಗುರುತು. ಮುಂಚೆ ನಾವು ಕೇಳುತ್ತಿದ್ದದ್ದು 'ನಿಮ್ಮ ಹೆಸರು ಮಂಜುನಾಥ ಅಲ್ವಾ?' ಥಿಯೇಟರಿನ ಬಾಗಿಲಲ್ಲಿ ಹಸಿರು ಗೌನ್ ಹಾಕಿ ಮಲಗಿಸಿದ ಮನುಷ್ಯನಿಗೆ ಏನು ಕೇಳಿದರೂ 'ಹೂಂ' ಅಂತಾನೆ. ನಮ್ಮ ಲಿಸ್ಟಿನಲ್ಲಿ ಒಂದೇ ದಿನ ಇಬ್ಬರು ಮಂಜುನಾಥ, ಮೂವರು ಲಕ್ಷ್ಮಿ ಇರೋದು ಅಪರೂಪವೇನಲ್ಲ. ಈಗ ಪ್ರಶ್ನೆಗಳು ಹೀಗಿವೆ: 'ನಿಮ್ಮ ಹೆಸರೇನು? ತಂದೆ ಅಥವಾ ಗಂಡನ ಹೆಸರೇನು? ಯಾವೂರು? ಏನು ಆಪರೇಷನ್? ಯಾವ ಕಡೆ ಅಂತ ಕೈಯಿಟ್ಟು ತೋರಿಸಿ.' ಕೈಪಟ್ಟಿಯ ನಂಬರನ್ನು ಸಿಸ್ಟರ್ ಜೋರಾಗಿ ಓದುತ್ತಾರೆ. ರೋಗಿಗೆ ಬರೋ ಭಾಷೆ ಯಾವುದೋ ಅದರಲ್ಲೇ ಕೇಳಬೇಕು, ಕನ್ನಡ, ತಮಿಳು, ಉರ್ದು, ಏನಾದರೂ ಸರಿ.

ಆಂಟಿಬಯಾಟಿಕ್. ಮೂಲ ಪಟ್ಟಿ ಕೇಳೋದು ಹಿಂದಿನ 60 ನಿಮಿಷದಲ್ಲಿ ಕೊಟ್ಟಿದೆಯಾ ಅಂತ. ನಮ್ಮಲ್ಲಿ ವಾರ್ಡಿನವರು ಬೆಳಿಗ್ಗೆ ಏಳಕ್ಕೇ ಎಲ್ಲರಿಗೂ ಚುಚ್ಚಿ ಕಳಿಸುತ್ತಿದ್ದರು. ಕೇಸ್ ಶುರುವಾಗೋದು ಹನ್ನೊಂದಕ್ಕೆ. 'ಕೊಟ್ಟಾಗಿದ್ಯಾ?' 'ಆಗಿದೆ.' ಟಿಕ್. ಈಗ ಆ ಜಾಗದಲ್ಲಿ ಚೌಕವೇ ಇಲ್ಲ, ಗೆರೆ ಇದೆ. 'ಎಷ್ಟು ಗಂಟೆಗೆ ಕೊಟ್ಟಿರಿ?' ಸಮಯ ಬರೀಬೇಕು. ಬರೆಯೋಕೆ ಕೂತ ಕೂಡಲೇ ತಪ್ಪು ತಾನೇ ಕಾಣುತ್ತೆ. ಒಂದು ತಿಂಗಳಲ್ಲಿ ಇಂಜೆಕ್ಷನ್ ವಾರ್ಡಿನಿಂದ ಥಿಯೇಟರಿಗೆ ಇಳಿದು ಬಂತು.

ಕೊನೆಗೆ ರಕ್ತ. 'ರಕ್ತ ಈ ಕ್ಷಣ ಎಲ್ಲಿದೆ? ಎಷ್ಟು ಬಾಟಲಿ? ತರೋದು ಯಾರು, ಅವರ ಹೆಸರು ಹೇಳಿ.' ಉತ್ತರ ಕೊಡೋದು ಡಾಕ್ಟರ್ ಅಲ್ಲ, ಫ್ಲೋರ್ ಸಿಸ್ಟರ್. ಹೆಚ್ಚು ರಕ್ತ ಹೋಗಬಹುದು ಅಂತ ಸರ್ಜನ್ ಹೇಳಿದ ಕೇಸಿನಲ್ಲಿ, ರಕ್ತ ಕಟ್ಟಡದೊಳಗೆ ಬರದೆ ನಾನು ಅರಿವಳಿಕೆ ಕೊಡೋದಿಲ್ಲ. ಆಡಳಿತದವರು ಇದಕ್ಕೆ ಬಹಳ ತಕರಾರು ಮಾಡಿದರು. ತಂದು ಬಳಸದಿದ್ದರೆ ಬ್ಲಡ್ ಬ್ಯಾಂಕ್ ವಾಪಸ್ ತೊಗೊಳ್ಳೋದಿಲ್ಲ, ದುಡ್ಡು ದಂಡ, ಯಾರೋ ದಾನ ಕೊಟ್ಟ ರಕ್ತ ಹಾಳು. ತಕರಾರಿನಲ್ಲಿ ಅರ್ಥವಿತ್ತು. ಅದಕ್ಕೇ ಎಲ್ಲ ಕೇಸಿಗೂ ಬೇಡ, ಗುರುತು ಮಾಡಿದ ಕೇಸಿಗೆ ಮಾತ್ರ ಅಂತಾಯಿತು. ಆದರೆ ಪ್ರತಿವಾರ ಅದೇ ಪ್ರಶ್ನೆ, ಅದೇ ಕಿರಿಕಿರಿ. ಕೊನೆಗೆ ಅವರೇ ಬೇಸತ್ತು ಆಸ್ಪತ್ರೆಯಲ್ಲೇ ರಕ್ತ ಸಂಗ್ರಹಿಸಿಡುವ ಘಟಕಕ್ಕೆ ಅನುಮತಿ ಕೇಳಿ ಅರ್ಜಿ ಹಾಕಿದರು. ಎಷ್ಟೋ ಮೀಟಿಂಗಿನಲ್ಲಿ ಆಗದ ಕೆಲಸ ಪಟ್ಟಿಯ ಒಂದು ಸಾಲಿನಿಂದ ಆಯಿತು. ಗೋಡೆ ಮೇಲಿನ ಪೋಸ್ಟರ್ ಇನ್ನೂ ಹತ್ತು ವರ್ಷ ಅಲ್ಲೇ ಇದ್ದಿದ್ದರೂ ಈ ಅರ್ಜಿ ಬರೆಸುತ್ತಿರಲಿಲ್ಲ.

ಈ ಪಟ್ಟಿಯನ್ನು ಆ್ಯಪ್ ಮಾಡಿಕೊಡೋ ಗೆಳೆಯರಿಗೂ ಒಂದು ಮಾತು. ಹೋದ ವರ್ಷ ಒಂದು ಕಂಪನಿಯವರು ಬಂದು ಟ್ಯಾಬ್ಲೆಟ್ಟಿನಲ್ಲಿ ಡೆಮೊ ಕೊಟ್ಟರು. ಹತ್ತೊಂಬತ್ತೂ ಟಿಕ್ ಆಗದೆ ಮುಂದಿನ ಸ್ಕ್ರೀನ್ ತೆರೆಯೋದಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಹಸಿರು ಬಣ್ಣದಲ್ಲಿ ಶೇ. 100 ಅಂತ ಬರುತ್ತೆ. ತುಂಬಾ ಚೆಂದ ಇತ್ತು. ನಾನು ಕೇಳಿದ್ದು ಇಷ್ಟೇ: 'ನಮ್ಮ ಸಿಸ್ಟರ್‌ಗಳು ಒಂದು ಪ್ರಶ್ನೆ ಬದಲಿಸಬೇಕು ಅಂದ್ರೆ ಏನ್ಮಾಡ್ಬೇಕು?' 'ಚೇಂಜ್ ರಿಕ್ವೆಸ್ಟ್ ಹಾಕ್ಬೇಕು ಮೇಡಂ, ನೆಕ್ಸ್ಟ್ ರಿಲೀಸ್‌ನಲ್ಲಿ ಬರತ್ತೆ.' ತಲೆ ಎತ್ತಿ ಒಬ್ಬರ ಮುಖ ಒಬ್ಬರು ನೋಡಿ ಮಾತಾಡಲಿ ಅಂತ ಮಾಡಿದ ಪಟ್ಟಿಯನ್ನು, ಒಬ್ಬರು ತಲೆ ತಗ್ಗಿಸಿ ಬೆರಳಾಡಿಸೋ ಕೆಲಸ ಮಾಡಬೇಡಿ ದಯವಿಟ್ಟು. ಮಾಡಲೇಬೇಕು ಅಂದರೆ ಮೊದಲು ಒಂದು ವಾರ ನಮ್ಮ ಥಿಯೇಟರಿಗೆ ಬಂದು ನಿಂತ್ಕೊಳ್ಳಿ. ಗೌನು, ಟೋಪಿ ನಾವು ಕೊಡ್ತೀವಿ.

ಪಟ್ಟಿ ಬದಲಾದ ಮೇಲೆ ನಮ್ಮಲ್ಲಿ ಸಾವು ಇಷ್ಟು ಕಡಿಮೆಯಾಯಿತು ಅಂತ ನಾನು ಹೇಳೋದಿಲ್ಲ. ನಮ್ಮಂಥ ಸಣ್ಣ ಆಸ್ಪತ್ರೆಯ ಎರಡು ವರ್ಷದ ಲೆಕ್ಕದಿಂದ ಅದನ್ನು ಹೇಳೋಕೆ ಬರೋದಿಲ್ಲ, ಹೇಳಿದರೆ ನಾನೂ ಪೋಸ್ಟರ್ ಅಂಟಿಸಿದ ಹಾಗೆ. ಆ ಥರದ ಎಚ್ಚರಿಕೆಗೆ ನಮ್ಮ ರಾಜ್ಯದಲ್ಲೇ ಒಂದು ಪಾಠವಿದೆ. ಹೆರಿಗೆಗೆಂದೇ ಮಾಡಿದ ಇಂಥದ್ದೇ ಒಂದು ಪಟ್ಟಿಯನ್ನು 2010ರಲ್ಲಿ ಕರ್ನಾಟಕದ ತಾಲ್ಲೂಕು ಮಟ್ಟದ ಹೆರಿಗೆ ಕೇಂದ್ರವೊಂದರಲ್ಲಿ ಪರೀಕ್ಷಿಸಿದ್ದರು. ಮಾಡಬೇಕಾದ 29 ಕೆಲಸಗಳಲ್ಲಿ ಸರಾಸರಿ 10 ನಡೆಯುತ್ತಿದ್ದ ಕಡೆ 25 ನಡೆಯತೊಡಗಿದವು. ಅದನ್ನೇ ಮುಂದೆ ಉತ್ತರ ಪ್ರದೇಶದಲ್ಲಿ 120 ಕೇಂದ್ರಗಳ ಅಧ್ಯಯನದಲ್ಲಿ ಪರೀಕ್ಷಿಸಿ ನೋಡಿದರು. ಕೆಲಸದ ರೀತಿ ಸುಧಾರಿಸಿತು, ಆದರೆ ತಾಯಿ ಮಗುವಿನ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತ 2017ರಲ್ಲಿ ವರದಿಯಾಯಿತು. ಪಟ್ಟಿಯೊಂದೇ ಔಷಧಿಯೂ ಆಗೋದಿಲ್ಲ, ರಕ್ತವೂ ಆಗೋದಿಲ್ಲ. ಏನು ಇಲ್ಲ ಅನ್ನೋದನ್ನು ಸಮಯಕ್ಕೆ ಸರಿಯಾಗಿ ಹೇಳೋದು ಮಾತ್ರ ಅದರ ಕೈಲಿರೋದು. ನಮ್ಮಲ್ಲಿ ಏನಿಲ್ಲ ಅನ್ನೋದು ನಮಗೆ ಮಾತ್ರ ಗೊತ್ತು.

ಓದುತ್ತಿರೋ ನೀವು ಡಾಕ್ಟರ್ ಅಲ್ಲದಿರಬಹುದು. ಆದರೆ ಒಂದಲ್ಲ ಒಂದು ದಿನ ಅಪ್ಪನಿಗೆ ಮಂಡಿ, ಅಮ್ಮನಿಗೆ ಗರ್ಭಕೋಶ, ನಿಮಗೇ ಅಪೆಂಡಿಕ್ಸ್ ಅಂತ ಆಸ್ಪತ್ರೆಗೆ ಬರ್ತೀರಿ. ಬಂದಾಗ ಲಾಬಿಯ ಗ್ರಾನೈಟು, ಕಾಫಿ ಮಷಿನ್ನು, ಗೂಗಲ್ ರೇಟಿಂಗು ನೋಡ್ತೀರಿ. ಇನ್ನೆರಡು ಪ್ರಶ್ನೆ ಸೇರಿಸಿಕೊಳ್ಳಿ. ಒಂದು, 'ಅಮ್ಮನಿಗೆ ರಕ್ತ ಬೇಕಾದ್ರೆ ಎಲ್ಲಿಂದ ಬರತ್ತೆ, ಎಷ್ಟು ಹೊತ್ತಾಗತ್ತೆ?' ಇನ್ನೊಂದು, 'ನಿಮ್ಮ ಸುರಕ್ಷತಾ ಪಟ್ಟಿಯನ್ನ ಕೊನೇ ಸಲ ಬದಲಿಸಿದ್ದು ಯಾವಾಗ?' ಎರಡನೇ ಪ್ರಶ್ನೆಗೆ 'ಅದು ಡಬ್ಲ್ಯೂಎಚ್‌ಒ ಸ್ಟ್ಯಾಂಡರ್ಡ್ ಸರ್, ಬದಲಿಸೋ ಹಾಗಿಲ್ಲ' ಅಂತ ಹೆಮ್ಮೆಯಿಂದ ಹೇಳಿದರೆ, ಹಾಳೆಯ ಕೊನೇ ಸಾಲು ಓದಿ ಅಂತ ಹೇಳಿ. ಝೆರಾಕ್ಸ್ ಅಲ್ಲ, ಮೂಲದ್ದು.

ನಮ್ಮ ಹಾಳೆ ಇನ್ನೂ ಬದಲಾಗುತ್ತಲೇ ಇದೆ. ಹೋದ ತಿಂಗಳು ನಮ್ಮ ಅಟೆಂಡರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. ಥಿಯೇಟರಿನಲ್ಲಿ ಕಾಟರಿ ಬಳಸೋದರಿಂದ ಮೈಮೇಲೆ ಲೋಹ ಇರಬಾರದು, ಸುಟ್ಟ ಗಾಯ ಆಗಬಹುದು. ಹಾಗಾಗಿ ಒಡವೆ ತೆಗೆದಿದ್ದಾರಾ ಅಂತ ಬಾಗಿಲಲ್ಲೇ ಕೇಳುತ್ತಿದ್ದೆವು. 'ಮೇಡಂ, ಬಾಗ್ಲಲ್ಲಿ ತಾಳಿ, ಕಾಲುಂಗ್ರ ತೆಗೀರಿ ಅಂದ್ರೆ ಹೆಣ್ಮಕ್ಳು ಹೆದರ್ಕೊಂಡು ಅಳ್ತಾರೆ. ಬಿಪಿ ಜಾಸ್ತಿ ಆಯ್ತು ಅಂತ ನೀವೇ ಬೈತೀರ. ಹಿಂದಿನ ದಿನ ರಾತ್ರಿ ವಾರ್ಡಲ್ಲಿ, ಮನೆಯವ್ರು ಇರೋವಾಗ ಕೇಳ್ಬೇಕು. ಕಾಲುಂಗ್ರ ಬಿಗಿ ಆಗಿದ್ರೆ ಸೋಪ್ ಹಾಕಿ ತೆಗೆಯೋಕೂ ಟೈಮ್ ಸಿಗತ್ತೆ.'

ಇಪ್ಪತ್ತು ವರ್ಷದಿಂದ ಆ ಬಾಗಿಲಲ್ಲಿ ನಿಂತವರು ಅವರು. ಅವರನ್ನೂ ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ. ಆ ಸಾಲನ್ನು ಥಿಯೇಟರಿನ ಪಟ್ಟಿಯಿಂದ ತೆಗೆದು ವಾರ್ಡಿನ ಪಟ್ಟಿಗೆ ಹಾಕಿದೆವು. ಸದ್ಯಕ್ಕೆ ಪೆನ್ನಿನಲ್ಲಿ ಬರೆದಿದೆ, ಮುಂದಿನ ಸಲ ಪ್ರಿಂಟ್ ಹಾಕಿಸುವಾಗ ಸೇರಿಸಬೇಕು.